ಐವಿಎಫ್‌ನಲ್ಲಿ ಅಂಡಾಶಯ ಪ್ರಚೋದನೆ: ಯಾವ ದಾರಿ ಯಾರಿಗೆ, ಏಕೆ?

ಐವಿಎಫ್, ಅಂದರೆ ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಮಾಡುವ ಚಿಕಿತ್ಸೆ, ಶುರುಮಾಡುವ ಮಹಿಳೆಗೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಮೂರು ಬಗೆಯ ಔಷಧಗಳಿರುತ್ತವೆ. ಒಂದು ಅಂಡಾಣುಗಳನ್ನು ಬೆಳೆಸುತ್ತದೆ. ಇನ್ನೊಂದು ಅವು ಅವಧಿಗೆ ಮೊದಲೇ ಬಿಡುಗಡೆಯಾಗದಂತೆ ತಡೆಯುತ್ತದೆ. ಮೂರನೆಯದು, ಅಂದರೆ ಟ್ರಿಗರ್, ಕೊನೆಯ ಗಳಿಗೆಯಲ್ಲಿ ಅವನ್ನು ಪಕ್ವಗೊಳಿಸುತ್ತದೆ. ದಂಪತಿಗಳ ಪ್ರಶ್ನೆಗಳೆಲ್ಲ ಸಾಮಾನ್ಯವಾಗಿ ಮೊದಲನೆಯದನ್ನೇ ಸುತ್ತುತ್ತವೆ: ಡೋಸ್ ಎಷ್ಟು, ಇಂಜೆಕ್ಷನ್ ಯಾವುದು, ಎಷ್ಟು ಅಂಡಾಣು ಸಿಗುತ್ತದೆ. ಆದರೆ ಒಂದು ಚಿಕಿತ್ಸಾ ಕ್ರಮವನ್ನು ಇನ್ನೊಂದರಿಂದ ನಿಜವಾಗಿ ಬೇರ್ಪಡಿಸುವುದು ಎರಡನೆಯ ಔಷಧ, ಅಂದರೆ ತಡೆ. ಯಾವ ತಡೆ ಹಾಕಿದ್ದಾರೆ ಎನ್ನುವುದರ ಮೇಲೆ ಯಾವ ಟ್ರಿಗರ್ ಕೊಡಬಹುದು ಎನ್ನುವುದು ನಿಂತಿದೆ. ಈ ಚಿಕಿತ್ಸೆಯ ಅತಿ ದೊಡ್ಡ ಅಪಾಯ ಎಷ್ಟರಮಟ್ಟಿಗೆ ಕಾಡುತ್ತದೆ ಎನ್ನುವುದು ಟ್ರಿಗರ್ ಮೇಲೆ ನಿಂತಿದೆ.

ಇಂಜೆಕ್ಷನ್ ಮಾಡುವುದೇನು?

ಮುಟ್ಟಿನ ಮೊದಲ ದಿನಗಳಲ್ಲಿ ಎರಡೂ ಅಂಡಾಶಯಗಳಲ್ಲಿ ಒಂದಷ್ಟು ಸಣ್ಣ ಫಾಲಿಕಲ್‌ಗಳು ಬೆಳೆಯಲು ಸಿದ್ಧವಾಗಿ ಕೂತಿರುತ್ತವೆ. ಫಾಲಿಕಲ್ ಎಂದರೆ ಅಂಡಾಣುವನ್ನು ಹೊತ್ತ, ದ್ರವ ತುಂಬಿದ ಪುಟ್ಟ ಚೀಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಹಾರ್ಮೋನು ಸ್ರವಿಸಿದಾಗ ಇವೆಲ್ಲ ಬೆಳೆಯತೊಡಗುತ್ತವೆ. ಅವುಗಳಲ್ಲಿ ಒಂದು ಮುಂದೆ ಹೋಗಿ ಈಸ್ಟ್ರೊಜೆನ್ ಹೆಚ್ಚಿಸುತ್ತದೆ, ಅದರಿಂದ ಎಫ್‌ಎಸ್‌ಎಚ್ ಇಳಿಯುತ್ತದೆ, ಉಳಿದವು ಆಹಾರವಿಲ್ಲದೆ ಬಾಡಿಹೋಗುತ್ತವೆ. ಹೊರಗಿನಿಂದ ದಿನವೂ ಎಫ್‌ಎಸ್‌ಎಚ್ ಕೊಟ್ಟರೆ ಆ ಮಟ್ಟ ಇಳಿಯುವುದಿಲ್ಲ, ಬಾಡಬೇಕಿದ್ದವೂ ಬೆಳೆಯುತ್ತವೆ. ಇಂಜೆಕ್ಷನ್‌ನಿಂದ ಅಂಡಾಣುಗಳ ದಾಸ್ತಾನು ಬೇಗ ಖಾಲಿಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲದಿರುವುದು ಇದಕ್ಕೇ: ಆ ತಿಂಗಳು ಹೇಗೂ ಕಳೆದುಹೋಗುತ್ತಿದ್ದವನ್ನಷ್ಟೇ ಅದು ಉಳಿಸುತ್ತದೆ. ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ಆ ತಿಂಗಳು ಐದೇ ಫಾಲಿಕಲ್‌ಗಳು ಸಿದ್ಧವಾಗಿದ್ದರೆ ಎಷ್ಟೇ ಔಷಧ ಸುರಿದರೂ ಹದಿನೈದಾಗುವುದಿಲ್ಲ.

ಎಷ್ಟು ಸಿದ್ಧವಾಗಿವೆ ಎಂದು ತಿಳಿಯಲು ಎರಡು ದಾರಿಗಳಿವೆ. ಮುಟ್ಟಿನ 2ರಿಂದ 4ನೇ ದಿನದೊಳಗೆ ಯೋನಿಮಾರ್ಗದ ಸ್ಕ್ಯಾನ್ ಮಾಡಿ 2ರಿಂದ 10 ಮಿ.ಮೀ. ಗಾತ್ರದ ಫಾಲಿಕಲ್‌ಗಳನ್ನು ಎಣಿಸುವುದು ಒಂದು. ಸಣ್ಣ ಫಾಲಿಕಲ್‌ಗಳು ಸ್ರವಿಸುವ ಎಎಂಎಚ್ ಹಾರ್ಮೋನನ್ನು ರಕ್ತದಲ್ಲಿ ಅಳೆಯುವುದು ಇನ್ನೊಂದು. ಎರಡೂ ಹೇಳುವುದು ಸಂಖ್ಯೆಯನ್ನು ಮಾತ್ರ. ಅಂಡಾಣುವಿನ ಗುಣಮಟ್ಟ ಬಹುಪಾಲು ವಯಸ್ಸಿನ ಕೈಯಲ್ಲಿದೆ. ಎಎಂಎಚ್ ಕಡಿಮೆಯಿರುವ 28ರ ಯುವತಿಗೂ ಎಎಂಎಚ್ ಚೆನ್ನಾಗಿರುವ 42ರ ಮಹಿಳೆಗೂ ಚಿಕಿತ್ಸೆ ಬೇರೆ, ನಿರೀಕ್ಷೆಯೂ ಬೇರೆ.

ಮೂರು ತಡೆಗಳು

1978ರಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಗೆ ಕಾರಣವಾದ ಅಂಡಾಣುವನ್ನು ಯಾವ ಪ್ರಚೋದನೆಯೂ ಇಲ್ಲದೆ ಸಹಜ ಋತುಚಕ್ರದಿಂದಲೇ ತೆಗೆದಿದ್ದರು. ಮುಂದೆ ಹಾರ್ಮೋನು ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸತೊಡಗಿದಾಗ ಹೊಸ ತೊಡಕು ಎದುರಾಯಿತು. ಹಲವು ಫಾಲಿಕಲ್‌ಗಳು ಒಟ್ಟಿಗೆ ಬೆಳೆದಾಗ ಈಸ್ಟ್ರೊಜೆನ್ ವಿಪರೀತ ಏರುತ್ತದೆ. ಪಿಟ್ಯುಟರಿ ಅದನ್ನು ಕಂಡು ಅಂಡಾಣು ಪಕ್ವವಾಯಿತೆಂದುಕೊಂಡು ಎಲ್‌ಎಚ್ ಹಾರ್ಮೋನನ್ನು ಒಮ್ಮೆಗೇ ಉಕ್ಕಿಸುತ್ತದೆ. ಆಗ ಅಂಡಾಣುಗಳು ಅರೆಬೆಳೆದಿರುವಾಗಲೇ ಬಿಡುಗಡೆಯಾಗಿ ಕೈತಪ್ಪಿ ಹೋಗುತ್ತವೆ. ತಡೆಯಿಲ್ಲದ ಆ ಕಾಲದಲ್ಲಿ ಸುಮಾರು ಐದರಲ್ಲೊಂದು ಸೈಕಲ್ (ಒಂದು ಸುತ್ತಿನ ಚಿಕಿತ್ಸೆ) ಹೀಗೆ ರದ್ದಾಗುತ್ತಿತ್ತು.

1980ರ ದಶಕದಲ್ಲಿ ಬಂದ ಮೊದಲ ಪರಿಹಾರ ಅಗೋನಿಸ್ಟ್ ಔಷಧಗಳು: ಲ್ಯೂಪ್ರೊಲೈಡ್, ಟ್ರಿಪ್ಟೊರೆಲಿನ್, ಬ್ಯುಸೆರೆಲಿನ್. ಇವು ಪಿಟ್ಯುಟರಿಯನ್ನು ಮೊದಲ ಕೆಲವು ದಿನ ಕೆರಳಿಸುತ್ತವೆ. ಬಿಡದೆ ಕೊಡುತ್ತ ಹೋದಾಗ ಅದು ದಣಿದು ಸುಮ್ಮನಾಗುತ್ತದೆ. ಇದನ್ನು ಬಳಸುವ 'ಲಾಂಗ್ ಪ್ರೋಟೋಕಾಲ್' ಹಿಂದಿನ ಚಕ್ರದ 21ನೇ ದಿನದ ಸುಮಾರಿಗೆ ಶುರುವಾಗುತ್ತದೆ. ಸುಮಾರು ಎರಡು ವಾರಗಳ ಮೇಲೆ ಗರ್ಭಕೋಶದ ಒಳಪದರ ತೆಳ್ಳಗಾಗಿದೆಯೇ, ಈಸ್ಟ್ರೊಜೆನ್ ಇಳಿದಿದೆಯೇ, ಅಂಡಾಶಯದಲ್ಲಿ ಸಿಸ್ಟ್ (ದ್ರವ ತುಂಬಿದ ಗುಳ್ಳೆ) ಆಗಿಲ್ಲವೇ ಎಂದು ನೋಡಿ ಎಫ್‌ಎಸ್‌ಎಚ್ ಆರಂಭಿಸುತ್ತಾರೆ. ಟ್ರಿಗರ್ ಕೊಡುವವರೆಗೂ ಅಗೋನಿಸ್ಟ್ ಮುಂದುವರಿಯುತ್ತದೆ. ಎಲ್ಲ ಸೇರಿ ಮೂರೂವರೆ, ನಾಲ್ಕು ವಾರಗಳ ಇಂಜೆಕ್ಷನ್. ನಡುವೆ ಮುಟ್ಟು ನಿಂತವರ ಹಾಗೆ ಮೈ ಬಿಸಿಯೇರುವುದು, ತಲೆನೋವು, ನಿದ್ದೆಗೆಡುವುದು ಇರುತ್ತದೆ. ಮೊದಲ ಕೆರಳಿಕೆಯಿಂದ ಕೆಲವರಿಗೆ ಸಿಸ್ಟ್ ಆಗಿ ಆರಂಭವೇ ಮುಂದಕ್ಕೆ ಹೋಗುತ್ತದೆ. ಪಿಟ್ಯುಟರಿ ಪೂರ್ತಿ ಮಲಗಿರುವುದರಿಂದ ಎಫ್‌ಎಸ್‌ಎಚ್ ಕೂಡ ಹೆಚ್ಚು ಬೇಕಾಗುತ್ತದೆ. ಇದರ ಗುಣವೂ ಇದೆ: ಫಾಲಿಕಲ್‌ಗಳು ಒಂದೇ ಸಮನೆ ಬೆಳೆಯುತ್ತವೆ, ಅಂಡಾಣು ತೆಗೆಯುವ ದಿನವನ್ನು ಒಂದೆರಡು ದಿನ ಹಿಂದೆಮುಂದೆ ಮಾಡಲು ಅವಕಾಶ ಸಿಗುತ್ತದೆ.

ಎರಡನೆಯ ತಡೆ ಆಂಟಗೋನಿಸ್ಟ್: ಸೆಟ್ರೊರೆಲಿಕ್ಸ್, ಗ್ಯಾನಿರೆಲಿಕ್ಸ್. ಇವು ಕೆರಳಿಸುವ ಹಂತವಿಲ್ಲದೆ ಕೆಲವೇ ಗಂಟೆಗಳಲ್ಲಿ ಎಲ್‌ಎಚ್ ಅನ್ನು ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಅಪಾಯ ಹತ್ತಿರ ಬರುವವರೆಗೆ ಇವುಗಳ ಅಗತ್ಯವೇ ಇಲ್ಲ. ಮುಟ್ಟಿನ 2 ಅಥವಾ 3ನೇ ದಿನ ಎಫ್‌ಎಸ್‌ಎಚ್ ಶುರು. 5 ಅಥವಾ 6ನೇ ಇಂಜೆಕ್ಷನ್ ದಿನದಿಂದ, ಇಲ್ಲವೇ ದೊಡ್ಡ ಫಾಲಿಕಲ್ 12ರಿಂದ 14 ಮಿ.ಮೀ. ಮುಟ್ಟಿದಾಗಿನಿಂದ, ದಿನಕ್ಕೆ 0.25 ಮಿ.ಗ್ರಾಂ. ಆಂಟಗೋನಿಸ್ಟ್. ಒಟ್ಟು 9ರಿಂದ 12 ದಿನಗಳಲ್ಲಿ ಮುಗಿಯುತ್ತದೆ. ಇಲ್ಲಿ ಎಡವುವುದು ಹೆಚ್ಚಾಗಿ ಸಮಯದಲ್ಲಿ. ಇದರ ಪರಿಣಾಮ ಸುಮಾರು ಒಂದು ದಿನದ್ದು. ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದವರು ಮಾರನೆಯ ದಿನ ಸಂಜೆಗೆ ಮುಂದೂಡಿದರೆ, ಅಥವಾ ಕೊನೆಯ ಡೋಸ್‌ಗೂ ಟ್ರಿಗರ್‌ಗೂ ನಡುವೆ 30 ಗಂಟೆಗಿಂತ ಹೆಚ್ಚು ಅಂತರ ಬಿದ್ದರೆ, ಆ ಸಂದಿನಲ್ಲೇ ಎಲ್‌ಎಚ್ ಉಕ್ಕಬಹುದು.

ಎರಡರಲ್ಲಿ ಯಾವುದು ಮೇಲು? ಬಳಕೆಗೆ ಬಂದ ಹೊಸತರಲ್ಲಿ ಆಂಟಗೋನಿಸ್ಟ್‌ನಲ್ಲಿ ಗರ್ಭಧಾರಣೆ ತುಸು ಕಡಿಮೆ ಎಂಬ ಅಂದಾಜಿತ್ತು. ಪ್ರಯೋಗಗಳು ಹೆಚ್ಚಿದಂತೆ ಆ ವ್ಯತ್ಯಾಸ ಕರಗಿತು. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 73 ಪ್ರಯೋಗಗಳ 12,212 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿತು. ಅಗೋನಿಸ್ಟ್‌ನಲ್ಲಿ ಮಗು ಹುಟ್ಟುವ ಸಾಧ್ಯತೆ ಶೇ. 29 ಎಂದಿಟ್ಟುಕೊಂಡರೆ ಆಂಟಗೋನಿಸ್ಟ್‌ನಲ್ಲಿ ಅದು ಶೇ. 25ರಿಂದ 33ರ ನಡುವೆ. ಅಂದರೆ ವ್ಯತ್ಯಾಸ ತೋರಿಸಲಾಗಲಿಲ್ಲ. ಅಂಡಾಶಯ ಅತಿಯಾಗಿ ಉಬ್ಬುವ ತೊಂದರೆ ಮಾತ್ರ ಶೇ. 11ರಿಂದ ಶೇ. 6ರಿಂದ 9ರ ಮಟ್ಟಕ್ಕೆ ಇಳಿಯಿತು. ಫಲ ಸಮವಾಗಿ ಅಪಾಯ ಕಡಿಮೆಯಾಗುವುದಾದರೆ ಬಹುಪಾಲು ಮಹಿಳೆಯರಿಗೆ ಮೊದಲ ಆಯ್ಕೆ ಆಂಟಗೋನಿಸ್ಟ್ ಆಗಬೇಕು. ಲಾಂಗ್ ಪ್ರೋಟೋಕಾಲನ್ನು ಈಗಲೂ ಎಲ್ಲರಿಗೂ ಅಭ್ಯಾಸಬಲದಿಂದ ಬರೆಯುವುದಕ್ಕೆ ಸಮರ್ಥನೆಯಿಲ್ಲ.

ಮೂರನೆಯ ತಡೆ ಹೊಸದು, ಮಾತ್ರೆ ರೂಪದ್ದು: ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ. 2015ರಲ್ಲಿ ಶಾಂಘೈನ ತಂಡವೊಂದು ಇದರ ಬಗ್ಗೆ ಪ್ರಕಟಿಸಿದ ಮೇಲೆ ಬಳಕೆ ಹರಡಿತು. ಎಫ್‌ಎಸ್‌ಎಚ್ ಜೊತೆಗೇ ಮೊದಲ ದಿನದಿಂದ ಮೆಡ್ರೊಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ. ಅಥವಾ ಡೈಡ್ರೊಜೆಸ್ಟರಾನ್ 20 ಮಿ.ಗ್ರಾಂ. ದಿನವೂ ನುಂಗುವುದು. ಎಲ್‌ಎಚ್ ಉಕ್ಕುವುದನ್ನು ಇದು ಚೆನ್ನಾಗಿಯೇ ತಡೆಯುತ್ತದೆ. ಚುಚ್ಚಿಸಿಕೊಳ್ಳುವ ಸಂಖ್ಯೆ ಇಳಿಯುತ್ತದೆ, ಖರ್ಚೂ ಬಹಳ ಇಳಿಯುತ್ತದೆ. ಒಂದು ಷರತ್ತಿದೆ: ಪ್ರೊಜೆಸ್ಟಿನ್‌ನಿಂದ ಗರ್ಭಕೋಶದ ಒಳಪದರ ಕಾಲಕ್ಕೆ ಮುಂಚೆ ಬದಲಾಗುವುದರಿಂದ ಅದೇ ತಿಂಗಳು ಭ್ರೂಣ ವರ್ಗಾವಣೆ ಸಾಧ್ಯವಿಲ್ಲ. ಎಲ್ಲ ಭ್ರೂಣಗಳನ್ನೂ ಘನೀಕರಿಸಿ ಮುಂದಿನ ತಿಂಗಳುಗಳಲ್ಲಿ ವರ್ಗಾಯಿಸಬೇಕು. ಅಂಡಾಣು ದಾನ ಮಾಡುವವರಿಗೆ, ಅಂಡಾಣು ಶೇಖರಿಸಿಡುವವರಿಗೆ, ಭ್ರೂಣದ ವಂಶವಾಹಿ ಪರೀಕ್ಷೆ ಮಾಡಿಸುವವರಿಗೆ, ಹೇಗೂ ಘನೀಕರಿಸಲೇಬೇಕಾದ ಪಿಸಿಒಎಸ್ (ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ತೀರಾ ಹೆಚ್ಚಿರುವ ಹಾರ್ಮೋನು ತೊಂದರೆ) ಇರುವವರಿಗೆ ಇದು ಒಳ್ಳೆಯ ದಾರಿ. ತಾಜಾ ಭ್ರೂಣವನ್ನೇ ವರ್ಗಾಯಿಸಬೇಕೆಂದು ಇಚ್ಛಿಸುವವರಿಗೆ ಇದನ್ನು ಬರೆದುಕೊಡಬಾರದು.

ಟ್ರಿಗರ್: ಅಪಾಯದ ಬಾಗಿಲು

17ರಿಂದ 18 ಮಿ.ಮೀ. ದಾಟಿದ ಎರಡು ಮೂರು ಫಾಲಿಕಲ್‌ಗಳು ಕಂಡಾಗ ಟ್ರಿಗರ್ ಕೊಟ್ಟು 34ರಿಂದ 36 ಗಂಟೆಗಳ ಮೇಲೆ ಅಂಡಾಣು ತೆಗೆಯುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವುದು ಗರ್ಭ ನಿಂತಾಗ ದೇಹ ತಯಾರಿಸುವ ಹಾರ್ಮೋನಾದ ಎಚ್‌ಸಿಜಿ: 5,000ದಿಂದ 10,000 ಐಯು (ಹಾರ್ಮೋನು ಅಳೆಯುವ ಅಂತರರಾಷ್ಟ್ರೀಯ ಏಕಮಾನ), ಅಥವಾ ಪ್ರಯೋಗಾಲಯದಲ್ಲಿ ತಯಾರಾದದ್ದಾದರೆ 250 ಮೈಕ್ರೊಗ್ರಾಂ. ಅದು ಎಲ್‌ಎಚ್ ಕೆಲಸವನ್ನೇ ಮಾಡುತ್ತದೆ, ಆದರೆ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅಷ್ಟೂ ದಿನ ಅಂಡಾಶಯವನ್ನು ಚುರುಕುಗೊಳಿಸುತ್ತಲೇ ಇರುತ್ತದೆ. ಇಪ್ಪತ್ತು, ಮೂವತ್ತು ಫಾಲಿಕಲ್ ಬೆಳೆದ ಅಂಡಾಶಯದಲ್ಲಿ ಇದರಿಂದ ವಿಇಜಿಎಫ್ ಎಂಬ ವಸ್ತು ಯಥೇಚ್ಛ ಹೊರಬೀಳುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ನೀರಿನಂಶ ಹೊಟ್ಟೆಗೆ, ಕೆಲವೊಮ್ಮೆ ಎದೆಗೂಡಿಗೆ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಇದೇ ಓಎಚ್‌ಎಸ್‌ಎಸ್, ಅಂಡಾಶಯದ ಅತಿಪ್ರಚೋದನೆ. ಟ್ರಿಗರ್ ಆದ ವಾರದೊಳಗೆ ಬಂದರೆ ಅದಕ್ಕೆ ಕಾರಣ ಕೊಟ್ಟ ಎಚ್‌ಸಿಜಿ. ಹತ್ತು ದಿನ ಕಳೆದ ಮೇಲೆ ಬಂದರೆ ಕಾರಣ ಗರ್ಭ ನಿಂತು ದೇಹವೇ ತಯಾರಿಸತೊಡಗಿದ ಎಚ್‌ಸಿಜಿ. ಎರಡನೆಯದು ಹೆಚ್ಚು ದಿನ ಎಳೆಯುತ್ತದೆ, ಹೆಚ್ಚು ತೀವ್ರವೂ ಆಗುತ್ತದೆ.

ಇದನ್ನು ತಪ್ಪಿಸಲು ಇರುವ ಅತ್ಯುತ್ತಮ ಉಪಾಯ ಎಚ್‌ಸಿಜಿಯನ್ನೇ ಕೈಬಿಡುವುದು. ಅದರ ಬದಲು ಅಗೋನಿಸ್ಟ್ ಆದ ಟ್ರಿಪ್ಟೊರೆಲಿನ್ ಅನ್ನೇ ಟ್ರಿಗರ್ ಆಗಿ 0.2 ಮಿ.ಗ್ರಾಂ. ಕೊಟ್ಟರೆ ಪಿಟ್ಯುಟರಿಯೇ ತನ್ನ ಎಲ್‌ಎಚ್ ಅನ್ನು ಉಕ್ಕಿಸುತ್ತದೆ. ಅದು ಒಂದೂವರೆ ದಿನದೊಳಗೆ ಇಳಿದುಹೋಗುತ್ತದೆ, ಅಂಡಾಶಯ ತಣ್ಣಗಾಗುತ್ತದೆ. ತಡೆಗೆ ಇರುವ ಬೆಲೆ ಕಾಣುವುದು ಇಲ್ಲಿ. ಲಾಂಗ್ ಪ್ರೋಟೋಕಾಲ್‌ನಲ್ಲಿ ಪಿಟ್ಯುಟರಿ ಆಗಲೇ ಮಲಗಿದೆ, ಅದಕ್ಕೆ ಉಕ್ಕಿಸುವ ಶಕ್ತಿಯಿಲ್ಲ, ಹೀಗಾಗಿ ಅಗೋನಿಸ್ಟ್ ಟ್ರಿಗರ್ ಫಲಿಸುವುದಿಲ್ಲ. ಆಂಟಗೋನಿಸ್ಟ್‌ನಲ್ಲೂ ಪ್ರೊಜೆಸ್ಟಿನ್‌ನಲ್ಲೂ ಅದು ಫಲಿಸುತ್ತದೆ. ಅಂಡಾಶಯ ಅತಿಯಾಗಿ ಸ್ಪಂದಿಸಬಹುದಾದ ಮಹಿಳೆಗೆ ಲಾಂಗ್ ಪ್ರೋಟೋಕಾಲ್ ಹಾಕಿದರೆ ತುರ್ತಿನಲ್ಲಿ ಬೇಕಾಗುವ ಬಾಗಿಲನ್ನು ಮೊದಲೇ ಮುಚ್ಚಿದಂತೆ. ಅಂಥವರು ಯಾರೆಂದು ಮೊದಲೇ ಊಹಿಸಬಹುದು: ಎಎಂಎಚ್ ಮಿ.ಲೀ.ಗೆ 3.4 ನ್ಯಾನೊಗ್ರಾಂಗಿಂತ ಹೆಚ್ಚಿರುವವರು, ಸ್ಕ್ಯಾನ್‌ನಲ್ಲಿ 24ಕ್ಕಿಂತ ಹೆಚ್ಚು ಸಣ್ಣ ಫಾಲಿಕಲ್ ಇರುವವರು, ಪಿಸಿಒಎಸ್ ಇರುವವರು, ಹಿಂದೆ ಒಮ್ಮೆ ಈ ತೊಂದರೆ ಅನುಭವಿಸಿದವರು.

ಅಗೋನಿಸ್ಟ್ ಟ್ರಿಗರ್‌ಗೂ ಒಂದು ಕೊರತೆಯಿದೆ. ಎಲ್‌ಎಚ್ ಬೇಗ ಇಳಿಯುವುದರಿಂದ ಗರ್ಭವನ್ನು ಆರಂಭದಲ್ಲಿ ಪೋಷಿಸುವ ಕಾರ್ಪಸ್ ಲೂಟಿಯಂ ಬಾಡುತ್ತದೆ. ಮಾಮೂಲಿ ಪ್ರೊಜೆಸ್ಟರಾನ್ ಬೆಂಬಲವಷ್ಟೇ ಇಟ್ಟುಕೊಂಡು ತಾಜಾ ವರ್ಗಾವಣೆ ಮಾಡಿದರೆ ಗರ್ಭ ನಿಲ್ಲುವುದು ಕಡಿಮೆ, ಗರ್ಭಪಾತ ಹೆಚ್ಚು. ಅದಕ್ಕೇ ಇದರ ಜೊತೆ ಭ್ರೂಣಗಳನ್ನೆಲ್ಲ ಘನೀಕರಿಸುವುದು ರೂಢಿ. ಗರ್ಭ ನಿಲ್ಲದ ಆ ತಿಂಗಳಲ್ಲಿ ತಡವಾಗಿ ಬರುವ ಓಎಚ್‌ಎಸ್‌ಎಸ್‌ಗೂ ಎಡೆಯಿಲ್ಲ. ಕ್ಯಾಬರ್ಗೊಲಿನ್ ಮಾತ್ರೆ, ದಿನಕ್ಕೆ 0.5 ಮಿ.ಗ್ರಾಂ.ನಂತೆ ಸುಮಾರು ಒಂದು ವಾರ, ಇನ್ನಷ್ಟು ರಕ್ಷಣೆ ಕೊಡುತ್ತದೆ.

ಪಿಸಿಒಎಸ್ ಇರುವ 1,508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಘನೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ್ದು ಶೇ. 49.3, ತಾಜಾ ಭ್ರೂಣದಿಂದ ಶೇ. 42. ಓಎಚ್‌ಎಸ್‌ಎಸ್ ಶೇ. 1.3 ಮತ್ತು ಶೇ. 7.1. ಅದೇ ಪ್ರಯೋಗದಲ್ಲಿ ಗರ್ಭಿಣಿಯರ ರಕ್ತದೊತ್ತಡದ ತೊಂದರೆಯಾದ ಪ್ರಿಎಕ್ಲಾಂಪ್ಸಿಯಾ ಘನೀಕೃತ ಗುಂಪಿನಲ್ಲೇ ಹೆಚ್ಚಿತ್ತು. ಈ ಅಂಕಿಯನ್ನು ಹಲವರು ಹೇಳದೆ ಬಿಡುತ್ತಾರೆ. ಪಿಸಿಒಎಸ್ ಇಲ್ಲದವರಲ್ಲಿ 2018ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳು ತಾಜಾಕ್ಕೂ ಘನೀಕೃತಕ್ಕೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಎಲ್ಲ ಭ್ರೂಣಗಳನ್ನೂ ಘನೀಕರಿಸುವುದೇ ಒಳ್ಳೆಯದು ಎನ್ನಲು ಇದರಲ್ಲಿ ಆಧಾರವಿಲ್ಲ.

ಅಂಡಾಣು ತೆಗೆದ ಮೇಲೆ ದಿನವೂ ತೂಕ ನೋಡಿಕೊಳ್ಳಬೇಕು. ದಿನಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಏರಿಕೆ, ಹೊಟ್ಟೆ ಬಿಗಿಯುವುದು, ಬಿಡದ ವಾಂತಿ, ಮೂತ್ರ ಇಳಿಯುವುದು, ಮಲಗಿದರೆ ಉಸಿರು ಕಟ್ಟುವುದು, ಕಾಲಿನಲ್ಲೋ ಕುತ್ತಿಗೆಯಲ್ಲೋ ನೋವಿನ ಊತ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಯಾವ ಎಫ್‌ಎಸ್‌ಎಚ್, ಎಷ್ಟು?

ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ ಶುದ್ಧೀಕರಿಸಿದ ಎಚ್‌ಎಂಜಿ ಹಳೆಯದು. ಅದರಲ್ಲಿ ಎಫ್‌ಎಸ್‌ಎಚ್ ಜೊತೆ ಎಲ್‌ಎಚ್ ಗುಣವೂ ಇದೆ. ಜೀವಕೋಶಗಳಲ್ಲಿ ತಯಾರಿಸಿದ ರಿಕಾಂಬಿನಂಟ್ ಎಫ್‌ಎಸ್‌ಎಚ್ 1990ರ ದಶಕದ್ದು. 42 ಪ್ರಯೋಗಗಳ 9,606 ದಂಪತಿಗಳ ಮಾಹಿತಿ ಸೇರಿಸಿ 2011ರಲ್ಲಿ ನೋಡಿದಾಗ ರಿಕಾಂಬಿನಂಟ್‌ಗೂ ಮೂತ್ರಮೂಲದವಕ್ಕೂ ಮಗು ಹುಟ್ಟುವ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ದುಬಾರಿಯಾದದ್ದೇ ಒಳ್ಳೆಯದೆಂದು ಸಾಲ ಮಾಡುವ ಅಗತ್ಯವಿಲ್ಲ. ಪೆನ್ನಿನಲ್ಲಿ ಬರುವ ರಿಕಾಂಬಿನಂಟ್‌ನಲ್ಲಿ ಡೋಸ್ ತಪ್ಪುವುದು ಕಡಿಮೆ, ಪುಡಿ ಕಲಸುವ ಗೋಜಿಲ್ಲ. ಅದರ ಅನುಕೂಲ ಅಷ್ಟು. ಕೊರಿಫಾಲಿಟ್ರೊಪಿನ್ ಎಂಬುದು ಒಂದೇ ಇಂಜೆಕ್ಷನ್‌ನಲ್ಲಿ ಏಳು ದಿನ ಕೆಲಸ ಮಾಡುತ್ತದೆ. ಒಮ್ಮೆ ಕೊಟ್ಟರೆ ಹಿಂದೆಗೆಯಲಾಗದ್ದರಿಂದ ಹೆಚ್ಚು ಸ್ಪಂದಿಸುವ ಅಂಡಾಶಯಕ್ಕೆ ಅದು ಸಲ್ಲ. ಒಂದು ಅಪವಾದವನ್ನು ಮರೆಯಬಾರದು: ಪಿಟ್ಯುಟರಿಯಿಂದಲೇ ಹಾರ್ಮೋನು ಬಾರದೆ ಮುಟ್ಟು ನಿಂತಿರುವವರಿಗೆ ಎಫ್‌ಎಸ್‌ಎಚ್ ಒಂದೇ ಸಾಲದು, ಎಲ್‌ಎಚ್ ಕೂಡ ಬೇಕೇ ಬೇಕು.

ಸಾಮಾನ್ಯ ಸ್ಪಂದನೆಯವರಿಗೆ ದಿನಕ್ಕೆ 150ರಿಂದ 225 ಐಯು. ಹೆಚ್ಚು ಸ್ಪಂದಿಸುವವರಿಗೆ 100ರಿಂದ 150. ಕಡಿಮೆ ಸ್ಪಂದಿಸುವವರಿಗೆ 300ರ ಮೇಲೆ ಏರಿಸಿ ಪ್ರಯೋಜನವಿಲ್ಲವೆಂದು ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. 450, 600 ಐಯು ಬರೆದ ಚೀಟಿಗಳು ಈಗಲೂ ಕಾಣುತ್ತವೆ. ಅವು ಹೆಚ್ಚಿಸುವುದು ಖರ್ಚನ್ನು. ನೆದರ್ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ, ಫಾಲಿಕಲ್ ಎಣಿಕೆ ನೋಡಿ ಡೋಸ್ ಬದಲಿಸಿದ್ದರಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲವೆಂದು ತೋರಿಸಿತು. ಹೆಚ್ಚು ಸ್ಪಂದಿಸುವವರಿಗೆ ಡೋಸ್ ಇಳಿಸಿದಾಗ ಓಎಚ್‌ಎಸ್‌ಎಸ್ ಮಾತ್ರ ಕಡಿಮೆಯಾಯಿತು.

ಎಷ್ಟು ಅಂಡಾಣು ಸಾಕು? ಬ್ರಿಟನ್ನಿನ 4 ಲಕ್ಷಕ್ಕೂ ಹೆಚ್ಚು ಸೈಕಲ್‌ಗಳ ದಾಖಲೆ ಆಧರಿಸಿದ 2011ರ ವಿಶ್ಲೇಷಣೆಯಲ್ಲಿ ತಾಜಾ ವರ್ಗಾವಣೆಯ ಫಲ ಸುಮಾರು 15 ಅಂಡಾಣುಗಳವರೆಗೆ ಏರಿ, 15ರಿಂದ 20ರ ನಡುವೆ ಸಮನಾಗಿ, 20 ದಾಟಿದ ಮೇಲೆ ಇಳಿಯಿತು. ತೆಗೆದವೆಲ್ಲ ಭ್ರೂಣವಾಗುವುದಿಲ್ಲ. ಹತ್ತು ಸಿಕ್ಕರೆ ಸುಮಾರು ಎಂಟು ಪಕ್ವ, ಅವುಗಳಲ್ಲಿ ಐದಾರು ಫಲಿತ, ಐದನೇ ದಿನದ ಬ್ಲಾಸ್ಟೊಸಿಸ್ಟ್ ಹಂತಕ್ಕೆ ಎರಡು ಮೂರು.

ಕಡಿಮೆ ಅಂಡಾಣು ಸಿಗುವವರಿಗೆ

ಅತಿ ಹೆಚ್ಚು ಹಣ ವ್ಯರ್ಥವಾಗುವುದು, ಅತಿ ಹೆಚ್ಚು ಆಸೆ ಮಾರಾಟವಾಗುವುದು ಈ ಗುಂಪಿನಲ್ಲಿ. ಸೌಮ್ಯ ಪ್ರಚೋದನೆ ಇಲ್ಲಿ ಗಂಭೀರ ಪರ್ಯಾಯ: ಐದು ದಿನ ಲೆಟ್ರೊಜೋಲ್ 2.5ರಿಂದ 5 ಮಿ.ಗ್ರಾಂ. ಅಥವಾ ಕ್ಲೊಮಿಫಿನ್ 50ರಿಂದ 100 ಮಿ.ಗ್ರಾಂ., ಜೊತೆಗೆ ಕಡಿಮೆ ಡೋಸ್ ಎಫ್‌ಎಸ್‌ಎಚ್. ಸಿದ್ಧ ಫಾಲಿಕಲ್‌ಗಳೇ ನಾಲ್ಕೈದು ಇರುವಾಗ 300 ಐಯು ಕೊಟ್ಟರೂ ಇದನ್ನು ಕೊಟ್ಟರೂ ಮಗು ಹುಟ್ಟುವ ಸಾಧ್ಯತೆ ಹತ್ತಿರಹತ್ತಿರವೇ. ಫಾಲಿಕಲ್ ಚೆನ್ನಾಗಿರುವವರಿಗೆ ಸೌಮ್ಯ ಕ್ರಮ ಕೊಟ್ಟರೆ ಮಾತ್ರ ಘನೀಕರಿಸಿಡಬಹುದಾದ ಭ್ರೂಣಗಳು ಕೈಬಿಟ್ಟು ಹೋಗುತ್ತವೆ. ಒಂದೇ ಮುಟ್ಟಿನ ಚಕ್ರದಲ್ಲಿ ಎರಡು ಸಲ ಪ್ರಚೋದಿಸಿ ಎರಡು ಸಲ ಅಂಡಾಣು ತೆಗೆಯುವ 'ಡುಯೊಸ್ಟಿಮ್' ಕ್ರಮವೂ ಇದೆ. ಕಾಲ ಕೈಮೀರುತ್ತಿರುವವರಿಗೆ ಅದು ಸಮಯ ಉಳಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಅಂಡಾಣು ಉಳಿಸಿಕೊಳ್ಳಬೇಕಾದವರು ಮುಟ್ಟಿಗಾಗಿ ಕಾಯಬೇಕಿಲ್ಲ. ಚಕ್ರದ ಯಾವ ದಿನವಾದರೂ ಶುರುಮಾಡಬಹುದು. ಸ್ತನ ಕ್ಯಾನ್ಸರ್ ಇದ್ದರೆ ಈಸ್ಟ್ರೊಜೆನ್ ಏರದಂತೆ ಲೆಟ್ರೊಜೋಲ್ ಜೊತೆಗಿಡುತ್ತಾರೆ.

ಗ್ರೋತ್ ಹಾರ್ಮೋನ್, ಟೆಸ್ಟೊಸ್ಟೆರಾನ್, ಡಿಎಚ್‌ಇಎ ಇವುಗಳನ್ನು 'ಗುಣಮಟ್ಟ ಹೆಚ್ಚಿಸಲು' ಎಂದು ಸೇರಿಸುವುದುಂಟು. ವಾಡಿಕೆಯಾಗಿ ಬಳಸುವಷ್ಟು ಪುರಾವೆ ಯಾವುದಕ್ಕೂ ಇಲ್ಲ. ನಲವತ್ತು ದಾಟಿದ ಮೇಲೆ ಭ್ರೂಣಗಳಲ್ಲಿ ಅರ್ಧಕ್ಕೂ ಹೆಚ್ಚಿನವು ವರ್ಣತಂತುಗಳ ಲೆಕ್ಕ ತಪ್ಪಿದವು. ಅದನ್ನು ಸರಿಪಡಿಸುವ ಇಂಜೆಕ್ಷನ್ ಇಲ್ಲ. ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳುವುದು ವೈದ್ಯರ ಕರ್ತವ್ಯ.

ಸೈಕಲ್ ಕೆಟ್ಟದ್ದೆಲ್ಲಿ?

ವಿಫಲವಾದಾಗ ಪ್ರೋಟೋಕಾಲ್ ಬದಲಿಸಿ ಎನ್ನುವ ಮುನ್ನ ಫೈಲ್ ತೆರೆದು ನೋಡಬೇಕಾದದ್ದು ಕೆಲವಿದೆ. ಟ್ರಿಗರ್ ದಿನ 14 ಮಿ.ಮೀ. ದಾಟಿದ ಫಾಲಿಕಲ್‌ಗಳು ಹನ್ನೆರಡಿದ್ದು ಸಿಕ್ಕಿದ್ದು ಎರಡೇ ಅಂಡಾಣುವಾದರೆ ಎಫ್‌ಎಸ್‌ಎಚ್ ತಪ್ಪಲ್ಲ. ಟ್ರಿಗರ್ ಮೇಲೆ ಅನುಮಾನ ಪಡಬೇಕು. ಪುಡಿ ಕರಗಿಸದೆ ಬರೀ ನೀರು ಚುಚ್ಚಿಕೊಂಡದ್ದು, ರಾತ್ರಿ 10ರ ಬದಲು 12ಕ್ಕೆ ತೆಗೆದುಕೊಂಡದ್ದು, ಇಂಜೆಕ್ಷನ್ ಬಿಸಿಲಲ್ಲಿ ಬಿದ್ದಿದ್ದದ್ದು, ಇವೆಲ್ಲ ನಡೆಯುತ್ತವೆ. ಮಾರನೆಯ ಬೆಳಿಗ್ಗೆ ರಕ್ತದಲ್ಲಿ ಎಚ್‌ಸಿಜಿ, ಅಗೋನಿಸ್ಟ್ ಕೊಟ್ಟಿದ್ದರೆ ಎಲ್‌ಎಚ್ ನೋಡಿದರೆ ಗೊತ್ತಾಗುತ್ತದೆ. ಆಗಿಲ್ಲವಾದರೆ ಮತ್ತೆ ಟ್ರಿಗರ್ ಕೊಟ್ಟು ಸೈಕಲ್ ಉಳಿಸಲೂಬಹುದು. ಅಂಡಾಣು ಸಿಕ್ಕಿಯೂ ಬಹುಪಾಲು ಅಪಕ್ವವಾಗಿದ್ದರೆ ಟ್ರಿಗರ್ ಒಂದು ದಿನ ಬೇಗನಾಯಿತೇ ನೋಡಬೇಕು, ಅಥವಾ ಮುಂದಿನ ಸಲ ಎಚ್‌ಸಿಜಿ, ಅಗೋನಿಸ್ಟ್ ಎರಡನ್ನೂ ಒಟ್ಟಿಗೆ ಕೊಡುವುದನ್ನು ಯೋಚಿಸಬೇಕು. ಭ್ರೂಣ ಚೆನ್ನಾಗಿದ್ದೂ ತಾಜಾ ವರ್ಗಾವಣೆ ಸೋತಿದ್ದರೆ ಟ್ರಿಗರ್ ದಿನದ ಪ್ರೊಜೆಸ್ಟರಾನ್ ಎಷ್ಟಿತ್ತೆಂದು ಕೇಳಿ. ಮಿ.ಲೀ.ಗೆ 1.5 ನ್ಯಾನೊಗ್ರಾಂ ದಾಟಿದ್ದರೆ ಒಳಪದರ ಹೊತ್ತಿಗೆ ಮುಂಚೆ ಬದಲಾಗಿದ್ದಿರಬಹುದು. ಅದೇ ಪ್ರಚೋದನೆಯನ್ನು ಮತ್ತೆ ಕೊಟ್ಟು ಭ್ರೂಣಗಳನ್ನು ಘನೀಕರಿಸುವುದಷ್ಟೇ ಅಲ್ಲಿ ಬೇಕಾದ ಬದಲಾವಣೆ. ಅಂಡಾಣು ಹೇರಳವಾಗಿ ಸಿಕ್ಕು, ಫಲಿತವಾಗಿ, ಮೂರನೇ ದಿನದ ಮೇಲೆ ಭ್ರೂಣಗಳೆಲ್ಲ ನಿಂತುಹೋಗಿದ್ದರೆ ವೀರ್ಯಾಣುವಿನ ಗುಣಮಟ್ಟವನ್ನೂ ಪ್ರಯೋಗಾಲಯದ ದಾಖಲೆಯನ್ನೂ ನೋಡಬೇಕು. ಹೆಂಡತಿಯ ಇಂಜೆಕ್ಷನ್ ಬದಲಿಸಿದರೆ ಅಲ್ಲಿ ಏನೂ ಬದಲಾಗದು.